ಟಿ-ಬಾರ್ ಮೇಲೆ ಕೂರಬೇಡಿ

ಮೇಡಂ, ನೀವು ಬರೆದದ್ದರಲ್ಲಿ ಒಂದು ಸಾಲು ಓದಿ ಗಾಬರಿಯಾಯ್ತು. ಯಜಮಾನರ ಜೊತೆ, ಸ್ಕೀ ಮೇಲೆ ನಿಂತ ಇಬ್ಬರನ್ನು ಗುಡ್ಡದ ಮೇಲಕ್ಕೆ ಎಳೆಯೋ ತಲೆಕೆಳಗಾದ T ಆಕಾರದ ಲಿಫ್ಟ್, ಅಂದರೆ ಟಿ-ಬಾರ್‌ನಲ್ಲಿ ಮೂರು ಸಲ ಬಿದ್ದ ಮೇಲೆ "ನಾಳೆ ಸರಿಯಾಗಿ ಕೂತು, ಎರಡೂ ಕೈಲಿ ಗಟ್ಟಿಯಾಗಿ ಹಿಡ್ಕೊಳ್ತೀನಿ" ಅಂದಿದ್ದೀರಿ. ಹಾಗೆ ಮಾಡಿದ್ರೆ ನಾಲ್ಕನೇ ಸಲವೂ ಬೀಳೋದು ಖಾತ್ರಿ. ಕೆಳಗೆ ಕಾಮೆಂಟಲ್ಲಿ ಇಬ್ಬರು "ಹೌದು, ಭಾರ ಬಿಟ್ಟು ಕೂರಿ" ಅಂತ ಬೆಂಬಲ ಬೇರೆ ಕೊಟ್ಟಿದ್ದಾರೆ. ಕುರ್ಚಿಯಲ್ಲಿ ಕೂರಿಸಿ ಒಯ್ಯೋ ಚೇರ್‌ಲಿಫ್ಟ್‌ನ ಬುದ್ಧಿ ತಂದು ಇಲ್ಲಿ ಹಚ್ಚಬೇಡಿ ಸ್ವಾಮಿ, ಹೊಸಬರು ಮೂಳೆ ಮುರ್ಕೊಳ್ತಾರೆ.

ಟಿ-ಬಾರ್ ನಿಮ್ಮನ್ನು ಹೊರೋದಿಲ್ಲ, ಹಿಂದಿನಿಂದ ತಳ್ಳುತ್ತೆ ಅಷ್ಟೆ. ಮೇಲೆ ಕೇಬಲ್‌ಗೆ ನೇತುಬಿದ್ದ ಡಬ್ಬಿಯೊಳಗೆ ಸ್ಪ್ರಿಂಗ್ ಇರುವ ರಾಟೆ ಇದೆ, ಹಗ್ಗ ಅದಕ್ಕೆ ಸುತ್ತಿರುತ್ತೆ. ಕೂತರೆ ಹಗ್ಗ ಬಿಚ್ಚಿಕೊಳ್ಳುತ್ತೆ, ಬಾರ್ ನಿಮ್ಮ ಜೊತೆಗೇ ನೆಲಕ್ಕೆ ಇಳಿಯುತ್ತೆ. ನಿಂತಿದ್ದರೆ ಎಷ್ಟು ಬಲ ಬೇಕು ನೋಡಿ: 80 ಕೆಜಿ ತೂಕದವರಿಗೆ 15 ಡಿಗ್ರಿ ಇಳಿಜಾರಿನಲ್ಲಿ ಬೇಕಾದ ಎಳೆತ ಸುಮಾರು 21 ಕೆಜಿಯಷ್ಟು, ಮೇಲೆ ಸ್ವಲ್ಪ ಘರ್ಷಣೆ. ಉಳಿದ ಭಾರವೆಲ್ಲ ಸ್ಕೀ ಮೇಲೆ, ಅಂದರೆ ನಿಮ್ಮ ಕಾಲ ಮೇಲೇ ಇರಬೇಕು. 1934ರಲ್ಲಿ ಸ್ವಿಟ್ಜರ್ಲೆಂಡಿನ ಡಾವೋಸ್‌ನ ಬೋಲ್ಗೆನ್ ಇಳಿಜಾರಿನಲ್ಲಿ ಎಂಜಿನಿಯರ್ ಎರ್ನ್ಸ್ಟ್ ಕಾನ್ಸ್ಟಾಮ್ ಈ ಜಾತಿಯ ಮೊದಲ ಲಿಫ್ಟ್ ಕಟ್ಟಿದಾಗಿನಿಂದಲೂ ಲೆಕ್ಕ ಇದೇ, ನಿಂತವರನ್ನು ಎಳೆಯೋ ಲೆಕ್ಕ.

ಜನ ಬೀಳೋದು ಹೆಚ್ಚಾಗಿ ಮೊದಲ ಎರಡು ಮೂರು ಸೆಕೆಂಡಿನಲ್ಲಿ. ಬಾರ್ ಹಿಂದೆ ಬಂದು ಮುಟ್ಟುತ್ತೆ, ಆದರೆ ಹಗ್ಗ ಇನ್ನೂ ಬಿಚ್ಚಿಕೊಳ್ತಾ ಇರುತ್ತೆ, ಎಳೆತವೇ ಗೊತ್ತಾಗಲ್ಲ. "ಏನೂ ಸಿಗ್ತಿಲ್ಲವಲ್ಲ" ಅಂತ ಹಿಂಭಾಗ ಹುಡುಕಿಕೊಂಡು ಕೆಳಗೆ ಹೋಗುತ್ತೆ. ಅಷ್ಟರಲ್ಲಿ ಹಗ್ಗ ಬಿಗಿಯಾಗಿ ಜಗ್ಗುತ್ತೆ, ನೀವು ಅರ್ಧ ಕೂತಿರ್ತೀರಿ, ಸ್ಕೀ ಮುಂದೆ ಓಡುತ್ತೆ, ಮುಗೀತು. ಆ ಸೆಕೆಂಡುಗಳಲ್ಲಿ ಮಾಡಬೇಕಾದ್ದು ಏನೂ ಇಲ್ಲ, ಸುಮ್ಮನೆ ನಿಂತಿರೋದೇ ಕೆಲಸ. ಮಂಡಿ, ಹಿಮ್ಮಡಿಗಂಟು ಸಡಿಲ, ಬೂಟಿನ ನಾಲಿಗೆಗೆ ಕಣಕಾಲು ತಾಗಿರಲಿ, ಕಣ್ಣು ಹತ್ತು ಮೀಟರ್ ಮುಂದೆ. ಸ್ಕೀ ತುದಿ ನೋಡ್ತಾ ಕೂತರೆ ಬೆನ್ನು ಬಾಗಿ, ಮತ್ತೆ ಅದೇ ಕಥೆ.

ಇದಕ್ಕೆ ನಾನು ಎಲ್ಲರಿಗೂ ಹೇಳೋ ಅಭ್ಯಾಸ ಒಂದಿದೆ, ಲಿಫ್ಟ್ ಹತ್ತಿರ ಹೋಗೋ ಮೊದಲೇ ಮಾಡಿ. ಸಮತಟ್ಟಾದ ಮಂಜಿನ ಮೇಲೆ ಸ್ಕೀ ಹಾಕಿ ನಿಲ್ಲಿ. ಸ್ಕೀ ಇಲ್ಲದೆ ಬರೀ ಬೂಟಿನಲ್ಲಿರೋ ಇನ್ನೊಬ್ಬರು ನಿಮ್ಮ ಮುಂದೆ ನಿಂತು, ಒಂದು ಉದ್ದನೆ ಪಟ್ಟಿಯನ್ನೋ ದಪ್ಪ ಹಗ್ಗವನ್ನೋ ನಿಮ್ಮ ಹಿಂಭಾಗದ ಕೆಳಗೆ, ತೊಡೆ ಶುರುವಾಗೋ ಜಾಗದಲ್ಲಿ ಹಾಯಿಸಿ, ಎರಡೂ ತುದಿ ಹಿಡಿದು ನಡೀಲಿ. ಮೊದಲು ಹಗ್ಗ ಸಡಿಲ ಬಿಟ್ಟು ಎರಡು ಹೆಜ್ಜೆ, ಆಮೇಲೆ ಒಮ್ಮೆಲೇ ಬಿಗಿ. ಆ ಸಡಿಲದಲ್ಲಿ ನೀವು ಕೂರದೆ ನಿಂತಿದ್ದರೆ ಪಾಸು. ಎಂಟು ಹತ್ತು ಸಲ ಎಳೆಸಿಕೊಂಡರೆ ಕಾಲಿಗೆ ತಾನಾಗೇ ಅರ್ಥವಾಗುತ್ತೆ. ಹಗ್ಗವನ್ನು ಸೊಂಟಕ್ಕೆ ಕಟ್ಟಬೇಡಿ, ಬರೀ ಹಾಯಿಸಿರಬೇಕು, ಬಿದ್ದರೆ ಬಿಟ್ಟುಹೋಗಬೇಕು. ಇಳಿಜಾರಿನಲ್ಲಂತೂ ಬೇಡವೇ ಬೇಡ.

ಹತ್ತೋವಾಗ ಎರಡೂ ಪೋಲ್ (ಸ್ಕೀ ಕೋಲು) ಹೊರಗಿನ ಕೈಯಲ್ಲಿ, ಅಂದರೆ ಜೊತೆಗಾರರಿಲ್ಲದ ಬದಿಯ ಕೈಯಲ್ಲಿ, ಪಟ್ಟಿ ಮಣಿಕಟ್ಟಿನಿಂದ ತೆಗೆದಿರಬೇಕು. ಮುಂದಿನ ಜೋಡಿ ಹೊರಟ ಕೂಡಲೇ ಹತ್ತೋ ಜಾಗದ ಗೆರೆಗೆ ಬನ್ನಿ, ಬಾರ್ ಬಂದ ಮೇಲೆ ಓಡಿಬರೋದಲ್ಲ. ಸ್ಕೀ ನೇರ, ಸಮಾನಾಂತರ, ಟ್ರ್ಯಾಕ್ ಒಳಗೆ, ಅಂದರೆ ಲಿಫ್ಟ್ ಕೆಳಗೆ ಹಿಮದಲ್ಲಿರೋ ಹಾದಿಯೊಳಗೆ. ಒಳಗಿನ ಭುಜದ ಮೇಲಿಂದ ಹಿಂದೆ ನೋಡ್ತಾ ಇರಿ, ನಡುವಿನ ಕಂಬಿಯನ್ನು ಒಳಗಿನ ಕೈಯಲ್ಲಿ ಹಿಡೀರಿ. ಹಿಡಿತ ಹಗುರವಾಗಿರಲಿ, ಬಾರ್ ಜಾರದಂತೆ ನೋಡಿಕೊಳ್ಳೋಕಷ್ಟೇ ಅದು. ತೋಳಿನಿಂದ ಜಗ್ಗಿದರೆ ಮೈ ತಿರುಗುತ್ತೆ, ಸ್ಕೀ ಅಡ್ಡ ಹೋಗುತ್ತೆ. ಅಲ್ಲಿರೋ ಆಪರೇಟರ್‌ಗೆ "ಮೊದಲ ಸಲ, ನಿಧಾನ ಮಾಡಿ" ಅಂತ ಹೇಳೋಕೆ ಯಾಕೆ ನಾಚಿಕೆಯೋ ಗೊತ್ತಿಲ್ಲ. ಬಾರ್ ಹಿಡಿದುಕೊಡೋದು, ಬೇಕಾದಾಗ ವೇಗ ತಗ್ಗಿಸೋದು ಅವರ ಕೆಲಸವೇ.

ಇನ್ನು ಜೋಡಿ. ಯಜಮಾನರು ನಿಮಗಿಂತ ಒಂದಡಿ ಎತ್ತರ ಅಂತ ನೀವೇ ಬರೆದಿದ್ದೀರಿ. ಬಾರ್ ಅವರ ತೊಡೆಗೆ ಬಂದರೆ ನಿಮ್ಮ ಬೆನ್ನಿಗೆ ಬರುತ್ತೆ, ನಿಮಗೆ ಸರಿಹೋದರೆ ಅವರ ಮಂಡಿಯ ಹಿಂದಕ್ಕೆ. ನಿಮ್ಮಿಬ್ಬರ ತಪ್ಪಲ್ಲ, ಜೋಡಿ ತಪ್ಪು. ಕಲಿಯೋವರೆಗೆ ನಿಮ್ಮ ಎತ್ತರದವರ ಜೊತೆ ಹೋಗಿ, ಸಂಸಾರ ಚೇರ್‌ಲಿಫ್ಟ್‌ನಲ್ಲಿ ಮಾಡಿ. ಒಬ್ಬರೇ ಹೋಗೋದಾದರೆ ಬಾರಿನ ಒಂದು ಅರ್ಧ ಮಾತ್ರ ನಿಮ್ಮ ಹಿಂದೆ ಇರುತ್ತೆ, ಭಾರ ಒಂದೇ ಕಡೆ ಬಿದ್ದು ಬಾರ್ ತಿರುಚಿಕೊಂಡು ಜಾರೋಕೆ ನೋಡುತ್ತೆ. ನಡುವಿನ ಕಂಬಿಯನ್ನು ಸೊಂಟಕ್ಕೆ ಒತ್ತಿ ಹಿಡಿದರೆ ನಿಲ್ಲುತ್ತೆ. ಟಿ-ಬಾರನ್ನು ಎರಡು ಕಾಲ ನಡುವೆ ಹಾಕ್ಕೊಳ್ಳೋ ಸ್ಕೀಯರ್‌ಗಳಿದ್ದಾರೆ, ಬೇಡ, ಬೀಳೋವಾಗ ಬಿಡಿಸ್ಕೊಳ್ಳೋಕಾಗಲ್ಲ. ಸ್ನೋಬೋರ್ಡಿನವರದು ಬೇರೆ ಲೆಕ್ಕ, ಅವರು ಹಿಂದಿನ ಕಾಲನ್ನು ಬೋರ್ಡಿಗೆ ಬೂಟು ಬಿಗಿಯೋ ಬೈಂಡಿಂಗ್‌ನಿಂದ ತೆಗೆದು ಮುಂದಿನ ತೊಡೆಗೆ ಬಾರ್ ಕೊಡ್ತಾರೆ.

ದಾರಿಯಲ್ಲಿ ಸ್ಕೀಯನ್ನು ಅದರ ಪಾಡಿಗೆ ಬಿಡಿ. ಟ್ರ್ಯಾಕ್ ಗುಂಡಿಬಿದ್ದು ಒಂದು ಸ್ಕೀ ಎಳೆದರೂ ಸ್ನೋಪ್ಲೌ (ಮುಂದಿನ ತುದಿಗಳನ್ನು ಕೂಡಿಸಿ V ಆಕಾರ) ಹಾಕಬೇಡಿ, ತುದಿಗಳು ಪಕ್ಕದವರ ಸ್ಕೀ ಮೇಲೆ ಹತ್ತುತ್ತವೆ. ಟ್ರ್ಯಾಕ್ ಪಕ್ಕಕ್ಕೆ ವಾಲಿದ್ದರೆ ಎರಡೂ ಮಂಡಿ ಗುಡ್ಡದ ಕಡೆಗೆ ಚೂರು ಒತ್ತಿ, ಸ್ಕೀಯ ಮೇಲಿನ ಬದಿಯ ಎಡ್ಜ್ (ಅಂಚು) ಹಿಮವನ್ನು ಕಚ್ಚುತ್ತೆ. ಕೆಲವು ಹುಡುಗರು ಟ್ರ್ಯಾಕ್‌ನಲ್ಲೇ ಹಾವಿನ ಹಾಗೆ ಅತ್ತಿತ್ತ ಹೋಗ್ತಾರೆ, ಅದು ಆಟವಲ್ಲ, ಕೇಬಲ್ ಗಾಲಿಯಿಂದ ಹಾರಬಹುದು.

ಬಿದ್ದರೆ ತಕ್ಷಣ ಬಿಡಿ. ನೇತಾಡಿಕೊಂಡು ಎಳೆಸಿಕೊಳ್ಳೋದು ಧೈರ್ಯವಲ್ಲ, ಭುಜ ಹೋಗುತ್ತೆ. ಬಾರ್‌ಗಳ ನಡುವೆ 20 ಮೀಟರ್, ವೇಗ ಸೆಕೆಂಡಿಗೆ 2.5 ಮೀಟರ್ ಅಂದ್ಕೊಳ್ಳಿ, ಹಿಂದಿನ ಜೋಡಿ 8 ಸೆಕೆಂಡಿನಲ್ಲಿ ನಿಮ್ಮ ಮೇಲಿರುತ್ತೆ. ಎದ್ದು ನಿಲ್ಲೋಕೆ ಹೋಗದೆ ಮೊದಲು ಉರುಳಿ ಟ್ರ್ಯಾಕ್‌ನಿಂದ ಹೊರಗೆ ಬನ್ನಿ, ಆಮೇಲೆ ಏಳಿ. ಕೆಳಗೆ ಬರೋವಾಗ ಟ್ರ್ಯಾಕ್‌ನಲ್ಲೇ ಜಾರಿಕೊಂಡು ಬರಬೇಡಿ, ಅಂಚಿನಿಂದ ಪಿಸ್ಟ್‌ಗೆ, ಅಂದರೆ ಸ್ಕೀ ಮಾಡೋ ದಾರಿಗೆ, ದಾಟಿ. ಮಧ್ಯದಲ್ಲಿ ಕಡಿದಾದ ಜಾಗ ಇದೆಯಾ, ಅಲ್ಲಿಂದ ನಿಮ್ಮ ಮಟ್ಟದ ದಾರಿ ಇದೆಯಾ ಅಂತ ನಕ್ಷೆಯಲ್ಲಿ ಮೊದಲೇ ನೋಡಿ.

ಇಳಿಯೋ ಜಾಗದ ಬೋರ್ಡ್ ಬರೋ ಮೊದಲೇ ಮಾತಾಡ್ಕೊಳ್ಳಿ, ಯಾರು ಮೊದಲು ಅಂತ. ಹೊರಗೆ ಹೋಗೋ ಬದಿಯಲ್ಲಿರೋರು ಮೊದಲು ಜಾರಿ ಹೋಗಲಿ, ಇನ್ನೊಬ್ಬರು ಬಾರನ್ನು ಸ್ವಲ್ಪ ಎಳೆದು, ಹಿಂದಿನಿಂದ ತೆಗೆದು, ನೇರವಾಗಿ ಮೆಲ್ಲಗೆ ಬಿಡಲಿ. ಎಸೆದರೆ ಅದು ಓಲಾಡಿ ಯಾರದೋ ತಲೆಗೆ, ಇಲ್ಲಾ ಕೇಬಲ್‌ಗೆ ಸುತ್ತಿಕೊಳ್ಳುತ್ತೆ. ಬಿಟ್ಟ ಮೇಲೆ ಅಲ್ಲೇ ನಿಂತು ಗ್ಲೌಸ್ ಸರಿಮಾಡ್ಕೊಳ್ಳೋ ಚಟ ಬೇಡ, ಜಾಗ ಖಾಲಿ ಮಾಡಿ.

ಕಾಲ ನಡುವೆ ದುಂಡು ತಟ್ಟೆ ಇಟ್ಟು ಒಬ್ಬೊಬ್ಬರನ್ನೇ ಎಳೆಯೋ ಬಟನ್ ಲಿಫ್ಟ್ ಸುಲಭ ಅಂತ ಯಾರೋ ಬರೆದಿದ್ದಾರೆ. ಅರ್ಧ ಸತ್ಯ. ಎಲ್ಲದಕ್ಕೂ ಪೋಮಾ ಅಂತ ಒಂದು ಕಂಪನಿಯ ಹೆಸರನ್ನೇ ಹೇಳೋದು ರೂಢಿ, ಆದರೆ ಡೊಪ್ಪೆಲ್‌ಮಾಯರ್, ಲೈಟ್ನರ್ ಕಂಪನಿಗಳು ಮಾಡಿದವೂ ಇವೆ. ಹೆಸರಿಗಿಂತ ನೋಡಬೇಕಾದ್ದು ಕಂಬಿ ಕೇಬಲ್‌ಗೆ ಖಾಯಂ ಕಚ್ಚಿದೆಯೋ, ಕೆಳಗಿನ ಸ್ಟೇಷನ್‌ನಲ್ಲಿ ಸಾಲಾಗಿ ಕಾದಿರುತ್ತೋ ಅಂತ. ಕಾದಿರೋ ಜಾತಿಯಲ್ಲಿ ಕೇಬಲ್ ಓಡ್ತಾನೇ ಇರುತ್ತೆ, ಬಿಟ್ಟಾಗ ಗ್ರಿಪ್ (ಕಂಬಿಯ ಹಿಡಿಕೆ) ಕೇಬಲ್ ಕಚ್ಚಿ ಜೋರಾಗಿ ಜಗ್ಗುತ್ತೆ. ಕಲಿಯೋರಿಗೆ ನನ್ನ ಓಟು ಖಾಯಂ ಕಚ್ಚಿದ್ದಕ್ಕೇ. ಕಾದಿರೋದೇ ಸಿಕ್ಕಿದರೆ ತೋಳು ಮಡಚಿ ಬಿಗಿ ಹಿಡೀಬೇಡಿ, ಕಂಬಿ ಉದ್ದವಾಗಲು ಬಿಡಿ. ತಟ್ಟೆ ಕಾಲ ನಡುವಿಂದ ಹಿಂದಕ್ಕೆ, ಇಲ್ಲೂ ಕೂರೋದಿಲ್ಲ. ಉದ್ದನೆ ಜಾಕೆಟ್ ತಟ್ಟೆಗೆ ಸಿಗದಂತೆ ಮೇಲೆತ್ತಿಕೊಳ್ಳಿ. ಹಗುರ ಮಕ್ಕಳನ್ನು ತಗ್ಗಿನ ಜಾಗದಲ್ಲಿ ನೆಲದಿಂದ ಎತ್ತಿಬಿಡುತ್ತೆ, ಸ್ಕೀ ನೇರ ಇಟ್ಟುಕೊಂಡಿರು ಅಂತ ಮೊದಲೇ ಹೇಳಿಡಿ.

ನಿಮ್ಮ ಮಗಳಿಗೆ ಸದ್ಯಕ್ಕೆ ಮ್ಯಾಜಿಕ್ ಕಾರ್ಪೆಟ್ ಸಾಕು, ಅದು ನಿಂತವರನ್ನು ಮೇಲಕ್ಕೆ ಒಯ್ಯೋ ಚಲಿಸುವ ಬೆಲ್ಟ್. ಹತ್ತಿದ ಮೇಲೆ ನಡೆಯದೆ, ಮುಂದಿನವರಿಂದ ಅಂತರ ಬಿಟ್ಟು, ತುದಿಯಲ್ಲಿ ಬೆಲ್ಟ್ ತಳ್ಳೋವರೆಗೆ ಸುಮ್ಮನೆ ನಿಂತಿರಲಿ.

ರೋಪ್ ಟೋ, ಅಂದರೆ ಓಡೋ ಹಗ್ಗವನ್ನು ಕೈಲಿ ಹಿಡಿದು ಮೇಲಕ್ಕೆ ಹೋಗೋ ಲಿಫ್ಟ್ ಇದ್ದರೆ ಗ್ಲೌಸ್ ವಿಷಯ. ತೆಳು ಅಂಗೈಯ ಫ್ಯಾನ್ಸಿ ಗ್ಲೌಸನ್ನು ಓಡೋ ಹಗ್ಗ ಬೇಗ ಸವೆಸುತ್ತೆ. ಕಿಂಕೋ ಕಂಪನಿಯ ಥರದ ಹಂದಿಚರ್ಮದ ಕೆಲಸದ ಗ್ಲೌಸೇ ಇದಕ್ಕೆ ಸರಿ, ನೋಡೋಕೆ ಚೆಂದ ಇಲ್ಲದಿದ್ದರೂ. ಹಗ್ಗವನ್ನು ಒಮ್ಮೆಲೇ ಹಿಡೀಬೇಡಿ, ಅಂಗೈಯೊಳಗೆ ಜಾರಲು ಬಿಟ್ಟು ನಿಧಾನವಾಗಿ ಬಿಗಿಮಾಡಿ. ಹಗ್ಗ ಓಡ್ತಾ ಓಡ್ತಾ ತಿರುಚಿಕೊಳ್ಳುತ್ತೆ, ಮಫ್ಲರ್, ಸಡಿಲ ಕೂದಲು, ನೇತಾಡೋ ದಾರ ಸಿಕ್ಕಿದರೆ ಸುತ್ತಿಕೊಂಡುಬಿಡುತ್ತೆ, ಎಲ್ಲ ಜಾಕೆಟ್ ಒಳಗೆ. ನಿಮ್ಮ ಫೋಟೋದಲ್ಲಿ ಬ್ಯಾಕ್‌ಪ್ಯಾಕ್ ಪಟ್ಟಿಗಳು ಮೊಣಕಾಲವರೆಗೆ ನೇತಾಡ್ತಿವೆ. ಅದನ್ನು ನಾಳೆ ಕೋಣೆಯಲ್ಲೇ ಬಿಟ್ಟು ಹೋಗಿ.