ಮೂಗು ದೊಡ್ಡದು ಮಾಡಲು ಹೆದರಿದ ವ್ಯಂಗ್ಯಚಿತ್ರಕಾರ

(ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆದಿದ್ದೇನೆ.)

ಮನಸ್ಸಿನ ತೊಂದರೆ ನೋಡುವ ನನ್ನ ಹತ್ತಿರ ಬಂದವರು ಐವತ್ತರ ಆಸುಪಾಸಿನ ವ್ಯಂಗ್ಯಚಿತ್ರಕಾರರು. ಇರುವುದು ಬೆಂಗಳೂರಿನಲ್ಲಿ. ಒಂದು ಹಾಸ್ಯ ಮಾಸಿಕಕ್ಕೆ ಇಪ್ಪತ್ತು ವರ್ಷಕ್ಕೂ ಮೇಲೆ ಚಿತ್ರ ಬರೆದುಕೊಟ್ಟವರು. ಸಂಬಳದ ಕೆಲಸ ಅಲ್ಲ, ಚಿತ್ರಕ್ಕೆ ಇಷ್ಟು ಅಂತ ಸಂಭಾವನೆ. ಅದೂ ಒಂದೊಂದು ಸಲ ಮೂರು ತಿಂಗಳು ತಡ. ಮನೆ ನಡೆಯುವುದು ಮದುವೆ ಆರತಕ್ಷತೆಗಳಲ್ಲಿ ಅತಿಥಿಗಳನ್ನು ಕೂರಿಸಿಕೊಂಡು ಸ್ಥಳದಲ್ಲೇ ಚಿತ್ರ ಬರೆದುಕೊಡುವ ದುಡ್ಡಿನಿಂದ. ಒಬ್ಬರಿಗೆ ಐದಾರು ನಿಮಿಷ, ಹಿಂದೆ ಕ್ಯೂ. ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದು ಅವರ ಹೆಂಡತಿ. "ಕೈ ಓಡ್ತಾ ಇಲ್ಲ ಮೇಡಂ" ಅನ್ನುವುದೇ ಅವರ ಮೊದಲ ಮಾತು.

ಕೈ ಓಡದಿರುವುದಕ್ಕೆ ಕಾರಣ ಕೈಯಲ್ಲೇ ಇರಬಹುದಲ್ವಾ? ಮೊದಲು ಅದನ್ನೇ ಕೇಳಿದೆ. ರಾತ್ರಿ ಎಚ್ಚರ ಆಗುತ್ತಾ? ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಾ? ಕೈ ಕೊಡವಿದರೆ ಸ್ವಲ್ಪ ಹಾಯಾಗುತ್ತಾ? ಮೂರಕ್ಕೂ ಹೌದು ಅಂದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡರೆ ಹೀಗಾಗುತ್ತದೆ. ಕಾರ್ಪಲ್ ಟನಲ್ ಅನ್ನುತ್ತಾರೆ. ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ನರದ ಪರೀಕ್ಷೆಯಲ್ಲಿ ಅದೇ ಕಂಡಿತು, ಶುರುವಿನ ಹಂತ. ರಾತ್ರಿ ಮಣಿಕಟ್ಟಿಗೆ ಸ್ಪ್ಲಿಂಟ್, ಅಂದರೆ ಅದು ಬಾಗದಂತೆ ಹಿಡಿಯುವ ಪಟ್ಟಿ, ಹಾಕಿಕೊಳ್ಳಿ, ಕೆಲಸದ ನಡುವೆ ಬಿಡುವು ಕೊಡಿ ಎಂದರು ಡಾಕ್ಟರು. ಇದನ್ನು ನೋಡದೆ ನಾನು ಬರೀ ಸಮಾಧಾನದ ಮಾತು ಹೇಳುತ್ತಾ ಕೂತಿದ್ದರೆ ಅವರಿಗೆ ಅನ್ಯಾಯವಾಗುತ್ತಿತ್ತು.

ಕೆಲವು ವಾರಗಳಲ್ಲಿ ಜೋಮು ಕಡಿಮೆಯಾಯಿತು. ಚಿತ್ರ ಮಾತ್ರ ಬರಲಿಲ್ಲ.

ಒಂದು ದಿನ ಹಾಳೆ, ಪೆನ್ಸಿಲ್ ಕೊಟ್ಟು "ನನ್ನನ್ನೇ ಬರೀರಿ" ಎಂದೆ. ಬರೆಯುವುದಕ್ಕೆ ಹಿಂಜರಿಯಲಿಲ್ಲ. ಮುಖದ ಸುತ್ತುಗೆರೆ ಒಂದೇ ಉಸಿರಿಗೆ ಬಂತು. ಮೂಗಿಗೆ ಬಂದಾಗ ನಿಂತರು. ಬರೆದರು, ರಬ್ಬರಿನಲ್ಲಿ ಉಜ್ಜಿದರು, ಮತ್ತೆ ಬರೆದರು, ಮತ್ತೆ ಉಜ್ಜಿದರು. ಆ ಜಾಗದಲ್ಲಿ ಹಾಳೆ ತೆಳುವಾಗಿ ನಾರು ಎದ್ದಿತು. ಪ್ರತಿ ಸಲವೂ ಮೂಗು ಮೊದಲಿಗಿಂತ ಚಿಕ್ಕದಾಗುತ್ತಿತ್ತು. ನನ್ನ ಮೂಗು ಚಿಕ್ಕದಲ್ಲ. ಕೊನೆಗೆ ಅವರು ಕೊಟ್ಟಿದ್ದು ಚೆಂದದ ಭಾವಚಿತ್ರ. ಅದನ್ನು ಅವರೇ ನೋಡಿ, "ಇದು ಯಾರೋ ಮೇಡಂ, ನೀವಲ್ಲ" ಎಂದು ತಲೆ ತಗ್ಗಿಸಿದರು.

ಆಮೇಲೆ ಅವರು ವಿವರಿಸಿದ ರೀತಿ ನನಗೆ ತುಂಬಾ ಹಿಡಿಸಿತು. ಕ್ಯಾರಿಕೇಚರ್ ಅಂದರೆ ಸುಮ್ನೆ ಮೂಗು ಉದ್ದ ಮಾಡುವುದಲ್ಲವಂತೆ. ಎಲ್ಲರ ಮುಖಕ್ಕೂ ಇರುವ ಸಾಮಾನ್ಯ ಅಳತೆಯಿಂದ ಈ ಮುಖ ಎಲ್ಲಿ ಬೇರೆಯಾಗುತ್ತದೋ, ಅಲ್ಲಿ ಇನ್ನಷ್ಟು ದೂರ ಹೋಗುವುದು. ಒಂದು ಕಡೆ ಹಿಗ್ಗಿಸಿದರೆ ಇನ್ನೊಂದು ಕಡೆ ಕುಗ್ಗಿಸಬೇಕು. ಹಣೆ ದೊಡ್ಡದಾದರೆ ಗದ್ದ ಚಿಕ್ಕದಾಗಬೇಕು. ಇಷ್ಟು ಚೆನ್ನಾಗಿ ಗೊತ್ತಿರುವವರ ಕೈಯನ್ನು ತಡೆಯುತ್ತಿರುವುದು ಏನು?

ನಿಧಾನವಾಗಿ ಹೊರಬಂತು. ಎರಡು ವರ್ಷದ ಹಿಂದೆ ಮಾಸಿಕದಲ್ಲಿ ಬಂದ ಅವರ ಒಂದು ಚಿತ್ರವನ್ನು ಯಾರೋ ಫೋಟೊ ಹೊಡೆದು, ಮೂಲೆಯಲ್ಲಿದ್ದ ಸಹಿ ಕತ್ತರಿಸಿ, ಅಡಿಬರಹ ಬದಲಿಸಿ ವಾಟ್ಸಾಪ್‌ನಲ್ಲಿ ಹಂಚಿದ್ದರು. ಊರಿನ ರಸ್ತೆ ಗುಂಡಿಯ ಬಗ್ಗೆ ಬರೆದ ಚಿತ್ರ ಒಂದು ಸಮುದಾಯವನ್ನು ಹೀಯಾಳಿಸುವ ಚಿತ್ರವಾಗಿಬಿಟ್ಟಿತು. ಗೆರೆ ನೋಡಿ ಇವರದೇ ಎಂದು ಗುರುತಿಸಿದವರು ಫೋನ್ ಮಾಡಿ ಬೈದರು. ಒಬ್ಬ "ಮನೆ ಎಲ್ಲಿದೆ ಗೊತ್ತು" ಎಂದ. ಸಂಪಾದಕರು ಜೊತೆಗೆ ನಿಲ್ಲಲಿಲ್ಲ. "ಸ್ವಲ್ಪ ನೋಡ್ಕೊಂಡು ಬರೀಬೇಕಿತ್ತು" ಎಂದರು. ಮನೆಯಲ್ಲೂ "ಯಾಕೆ ಬೇಕಿತ್ತು ಇದೆಲ್ಲ" ಅನ್ನುವ ಮಾತು. ಅಂದಿನಿಂದ ಪ್ರತಿ ಗೆರೆ ಎಳೆಯುವಾಗಲೂ ಬೈಯುವವನೊಬ್ಬ ಹೆಗಲ ಹಿಂದೆ ನಿಂತಿರುತ್ತಾನೆ. ಮದುವೆ ಮನೆಯವರಂತೂ "ಸರ್, ಸ್ವಲ್ಪ ಸ್ಮಾರ್ಟ್ ಆಗಿ ಬರೀರಿ" ಎಂದೇ ಹೇಳುತ್ತಾರೆ. ಹೀಗೆ ಮೂಗು ಚಿಕ್ಕದಾಗುತ್ತಾ ಬಂದಿದೆ.

ನಿದ್ದೆ ಕೆಟ್ಟಿತ್ತು. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿದೆ. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಟ್ಟೆ. ಉಚಿತ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

"ಧೈರ್ಯ ತಂದ್ಕೊಳ್ಳಿ" ಎಂದು ನಾನು ಹೇಳಲಿಲ್ಲ. ಬೆದರಿಕೆ ನಿಜವಾಗಿ ಬಂದಿತ್ತು, ಭಯಕ್ಕೆ ಕಾರಣ ಇತ್ತು. ಮತ್ತೆ ಅಂಥ ಕರೆ ಬಂದರೆ ವಾದಕ್ಕೆ ಇಳಿಯಬೇಡಿ, ನಂಬರು, ಸಮಯ, ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಠಾಣೆಗೆ ಹೋಗಿ ಎಂದೆ. ಕಾನೂನಿನ ವಿಷಯವನ್ನು ವಕೀಲರ ಹತ್ತಿರ ಕೇಳಿಕೊಂಡು ಬರಲು ಹೇಳಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಕೃತಿ ತನ್ನದು ಎಂದು ಹೇಳಿಕೊಳ್ಳುವ ಹಕ್ಕು, ಅದನ್ನು ತಿರುಚಿ ಹೆಸರು ಕೆಡಿಸಿದರೆ ಪ್ರಶ್ನಿಸುವ ಹಕ್ಕು ಕಲಾವಿದರಿಗೆ ಇದೆ. ತನ್ನಲ್ಲಿರುವ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡುವುದಾದರೆ ಅದು ಬರವಣಿಗೆಯಲ್ಲೇ ಆಗಬೇಕು. ಇಷ್ಟು ವರ್ಷ ಚಿತ್ರ ಕೊಟ್ಟವರ ಕೈಯಲ್ಲಿ ಒಂದು ಒಪ್ಪಂದದ ಪತ್ರವೂ ಇರಲಿಲ್ಲ. ಇದನ್ನು ಕೇಳಿ ನನಗೆ ಬೇಜಾರಾಯಿತು. ಈಗ ಸಹಿಯನ್ನು ಮೂಲೆಯಲ್ಲಿ ಹಾಕುವುದಿಲ್ಲ, ಕತ್ತರಿಸಲು ಬಾರದಂತೆ ಚಿತ್ರದ ಒಳಗೇ ಸೇರಿಸುತ್ತಾರೆ.

ಭಯಕ್ಕೆ ಮದ್ದು ಹಂತ ಹಂತವಾಗಿ. ಮೊದಮೊದಲು ಯಾರಿಗೂ ತೋರಿಸದ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ ಎಂದೆ. ರಬ್ಬರ್ ಬೇಡ, ಪೆನ್ನಿನಲ್ಲೇ ಬರೆಯಬೇಕು. ಮೊದಲು ತಮ್ಮದೇ ಮುಖ, ಎಷ್ಟು ಹಿಗ್ಗಿಸಲು ಸಾಧ್ಯವೋ ಅಷ್ಟು. ಆಮೇಲೆ ಮನೆಯವರದು, ಅವರ ಒಪ್ಪಿಗೆ ಕೇಳಿ. ಆಮೇಲೆ ಗೆಳೆಯರದು, ಅವರಿಗೆ ತೋರಿಸಿ ಎದುರಿಗೇ ಕೂತು ಅವರ ಮುಖ ನೋಡಬೇಕು. ಈ ಕೊನೆಯದು ಮುಖ್ಯ. ಬೈಗುಳವನ್ನು ಊಹಿಸಿಕೊಳ್ಳುವ ಮನಸ್ಸಿಗೆ ನಿಜವಾದ ನಗು ಕಣ್ಣಾರೆ ಕಾಣಬೇಕು. ಹೆಂಡತಿಯನ್ನು ಬೇರೆಯಾಗಿ ಕೂರಿಸಿ "ಯಾಕೆ ಬೇಕಿತ್ತು" ಅನ್ನುವ ಮಾತನ್ನು ಬಿಡಿ ಎಂದು ಕೇಳಿಕೊಂಡೆ. ಆ ತಾಯಿ ಅತ್ತುಬಿಟ್ಟರು. ಅವರಿಗೂ ಅಷ್ಟೇ ಭಯ ಇತ್ತು, ಯಾರೂ ಕೇಳಿರಲಿಲ್ಲ.

ಮನೆಯಲ್ಲೇ ಒಂಟಿಯಾಗಿ ಕೂತು ಮಾಡುವ ಕೆಲಸ ಇದು. ಟ್ರಿನಿಟಿ ಸರ್ಕಲ್ ಹತ್ತಿರ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಟೂನಿಸ್ಟ್ಸ್‌ನ ಗ್ಯಾಲರಿ ಇದೆ, ಪ್ರದರ್ಶನ ಇದ್ದಾಗ ಹೋಗಿ, ಜೊತೆಯವರನ್ನು ಮಾತಾಡಿಸಿ ಎಂದೆ. ಅಲ್ಲಿ ಸಿಕ್ಕ ಇಬ್ಬರಿಗೂ ಇಂಥದೇ ಕರೆಗಳು ಬಂದಿದ್ದವಂತೆ.

ಅವರ ತಂದೆ ಜೋಪಾನ ಮಾಡಿದ್ದ, ಕೊರವಂಜಿ ಎಂಬ ಕನ್ನಡ ಹಾಸ್ಯ ಮಾಸಿಕದ ಹಳೆಯ ಸಂಚಿಕೆಗಳನ್ನು ನೋಡಿಯೇ ಇವರು ಚಿತ್ರ ಕಲಿತದ್ದು. 1942ರಲ್ಲಿ ಅದನ್ನು ಶುರು ಮಾಡಿದ ರಾಶಿ, ಅಂದರೆ ಎಂ. ಶಿವರಾಂ, ವೃತ್ತಿಯಿಂದ ಡಾಕ್ಟರು. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಅಲ್ಲೂ ಚಿತ್ರ ಬರೆದಿದ್ದರು. 1976ರಲ್ಲಿ ರಾಶಿಯವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕಕ್ಕೆ. ಇದನ್ನು ಹೇಳಿದಾಗ ಅವರ ಮುಖ ಅರಳಿತು. "ನಗಿಸೋರೂ ಮನಸ್ಸಿನ ಡಾಕ್ಟರ ಹತ್ತಿರ ಬರಬಹುದು ಅನ್ನಿ" ಎಂದರು. ಬರಲೇಬೇಕು ಎಂದೆ.

ದೀಪಾವಳಿ ವಿಶೇಷಾಂಕದ ಕಾಲ ಇದು. ಲೇಖನಗಳು ಕೊನೆ ಗಳಿಗೆಯಲ್ಲಿ ಬರುತ್ತವೆ, ಚಿತ್ರ ಬೆಳಿಗ್ಗೆಯೊಳಗೆ ಬೇಕು ಅನ್ನುತ್ತಾರೆ. ಈ ಸಲ ಅರ್ಧದಷ್ಟೇ ಒಪ್ಪಿಕೊಂಡಿದ್ದಾರೆ, ಅದಕ್ಕೂ ಸಂಭಾವನೆ, ದಿನಾಂಕ ಎಲ್ಲ ಇಮೇಲ್‌ನಲ್ಲಿ ಬರೆಸಿಕೊಂಡು. ರಾಜಕಾರಣಿಗಳ ಮುಖಕ್ಕೆ ಇನ್ನೂ ಕೈ ಹಾಕಿಲ್ಲ. ಅದಕ್ಕೆ ಆತುರ ಬೇಡ ಎಂದು ನಾನೇ ಹೇಳಿದ್ದೇನೆ. ವಿಶೇಷಾಂಕ ಮುಗಿದ ಮೇಲೆ ಆ ಚಿತ್ರದ ಪುಸ್ತಕ ಹಿಡಿದುಕೊಂಡು ಗಂಡ ಹೆಂಡತಿ ಇಬ್ಬರೂ ಬರುತ್ತಾರೆ.