ಬಿಎಸ್‌ಡಿಗಳೆಲ್ಲ ಒಂದೇ ಅಂದುಕೊಂಡು ಕೈ ಸುಟ್ಟುಕೊಂಡವನ ಉತ್ತರ

ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೂರೂ ಒಂದೇ ಬೇರಿನ ಆಪರೇಟಿಂಗ್ ಸಿಸ್ಟಮ್‌ಗಳು, ಬೇರೆಬೇರೆ ಇದ್ದು ಶ್ರಮ ವ್ಯರ್ಥ ಮಾಡುವ ಬದಲು ಸೇರಿ ಒಂದಾಗಬಾರದೇಕೆ ಅಂತ ತಾನೇ ನಿಮ್ಮ ಪ್ರಶ್ನೆ? ಹತ್ತು ವರ್ಷದ ಹಿಂದೆ ನಾನೂ ಸಿಕ್ಕಸಿಕ್ಕವರ ಹತ್ತಿರ ಇದೇ ವಾದ ಮಾಡುತ್ತಿದ್ದೆ. ಬರೀ ವಾದವಾಗಿದ್ದರೆ ಪರವಾಗಿರಲಿಲ್ಲ, ಅದನ್ನೇ ನಂಬಿ ಕೆಲಸವನ್ನೂ ಮಾಡಿದೆ.

ಪಿಎಫ್ ಅನ್ನುವ ಫೈರ್‌ವಾಲ್ ಗೊತ್ತಿರಬಹುದು, ನೆಟ್‌ವರ್ಕ್‌ನಿಂದ ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಅಂತ ನಿಯಮಗಳ ಫೈಲ್ ನೋಡಿ ತೀರ್ಮಾನಿಸುವ ಕಾವಲುಗಾರ. 2001ರಲ್ಲಿ ಓಪನ್‌ಬಿಎಸ್‌ಡಿಯಲ್ಲಿ ಹುಟ್ಟಿತು, ಆಮೇಲೆ ಫ್ರೀಬಿಎಸ್‌ಡಿಗೂ ಬಂತು. ಹೆಸರೂ ಒಂದೇ, ಫೈಲ್ ಹೆಸರೂ ಒಂದೇ. ಹಾಗಾಗಿ ನನ್ನ ಓಪನ್‌ಬಿಎಸ್‌ಡಿ ಯಂತ್ರದ ನಿಯಮಗಳನ್ನು ಹಾಗೇ ಎತ್ತಿ ಒಬ್ಬ ಗಿರಾಕಿಯ ಹೊಸ ಫ್ರೀಬಿಎಸ್‌ಡಿ ಸರ್ವರ್‌ಗೆ ಹಾಕಿ, ದೂರದಿಂದಲೇ ರೀಬೂಟ್ ಮಾಡಿದೆ. ಅದರಲ್ಲಿ 'ಮ್ಯಾಚ್' ಅಂತ ಶುರುವಾಗುವ ಒಂದು ಸಾಲಿತ್ತು. ಆ ಪದ ಓಪನ್‌ಬಿಎಸ್‌ಡಿಯವರು ಆಮೇಲೆ ಸೇರಿಸಿದ್ದು, ಆಗಿನ ಫ್ರೀಬಿಎಸ್‌ಡಿಗೆ ಅರ್ಥವಾಗುತ್ತಿರಲಿಲ್ಲ. ಒಂದು ಸಾಲು ತಪ್ಪಿದರೆ ಪಿಎಫ್ ಆ ಸಾಲನ್ನಷ್ಟೇ ಬಿಡುವುದಿಲ್ಲ, ಇಡೀ ಫೈಲನ್ನೇ ತಳ್ಳಿಹಾಕುತ್ತದೆ. ನಿಯಮವೇ ಇಲ್ಲದ ಪಿಎಫ್ ಎಲ್ಲರನ್ನೂ ಒಳಗೆ ಬಿಡುತ್ತದೆ!

ತಪ್ಪು ಎಲ್ಲಿ ಅಂತ ಸರಿಯಾಗಿ ಕೇಳಿ. ಫೈಲ್ ನಕಲು ಮಾಡಿದ್ದಲ್ಲ. ರೀಬೂಟ್ ಆದ ಮೇಲೆ ನಾನು ಪಿಎಫ್ ಚಾಲೂ ಇದೆಯಾ ಅಂತ ಮಾತ್ರ ನೋಡಿದೆ. ಇತ್ತು. ಒಳಗೆ ನಿಯಮಗಳಿವೆಯಾ ಅಂತ ನೋಡಲಿಲ್ಲ. ಚಾಲೂ ಇರುವುದು ಬೇರೆ, ನಿಯಮ ಇರುವುದು ಬೇರೆ. ಪಿಎಫ್ ನಡೆಸುವ ಕಮಾಂಡ್ ಆದ ಪಿಎಫ್‌ಸಿಟಿಎಲ್‌ಗೆ ನಿಯಮಗಳ ಪಟ್ಟಿ ತೋರಿಸು ಅಂದಿದ್ದರೆ ಖಾಲಿ ಪರದೆ ಬರುತ್ತಿತ್ತು, ಎರಡು ಸೆಕೆಂಡಿನ ಕೆಲಸ. ಹಾಕುವ ಮೊದಲೇ ಫೈಲನ್ನು ಬರೀ ಓದಿಸಿ ಪರೀಕ್ಷಿಸುವ ಆಯ್ಕೆಯೂ ಇದೆ, ಅದನ್ನೂ ಮಾಡಲಿಲ್ಲ. ದೋಷದ ಸಂದೇಶ ಕನ್ಸೋಲ್ ಮೇಲೆ, ಅಂದರೆ ಸರ್ವರ್‌ನದೇ ಪರದೆ ಮೇಲೆ, ಬಂದುಹೋಗಿತ್ತು, ನೋಡಲು ಅಲ್ಲಿ ಯಾರಿದ್ದರು? ಎಲ್ಲ ಸರ್ವಿಸ್‌ಗಳೂ ಚೆನ್ನಾಗೇ ನಡೆಯುತ್ತಿದ್ದವು, ತಡೆಯುವವರೇ ಇಲ್ಲವಲ್ಲ. ಫೈರ್‌ವಾಲ್ ಇದೆ ಅನ್ನುವ ಧೈರ್ಯದಲ್ಲಿ ಡೇಟಾಬೇಸ್‌ಗೆ ಪಾಸ್‌ವರ್ಡ್ ಕೂಡ ಇಟ್ಟಿರಲಿಲ್ಲ. ಮೂರನೇ ವಾರ ಯಾರೋ ಬಂದು ಎಲ್ಲ ಅಳಿಸಿ ಹೋದರು. ಆ ಗಿರಾಕಿಯೂ ಹೋದ.

ಆಗ ಬಂದ ಸಿಟ್ಟೆಲ್ಲ ಈ ಬಿಎಸ್‌ಡಿಯವರು ಬೇರೆಬೇರೆ ಇರೋದ್ರಿಂದಲೇ ಹೀಗಾಯ್ತು ಅಂತ. ಆಮೇಲೆ ಬದಲಾವಣೆಗಳ ಇತಿಹಾಸ ಓದುತ್ತಾ ಕೂತೆ. ಓಪನ್‌ಬಿಎಸ್‌ಡಿಯವರಿಗೆ ಭಾಷೆ ಸ್ವಚ್ಛವಾಗಿರಬೇಕು, ಹಳೆಯ ಫೈಲ್‌ಗಳು ಮುರಿದರೆ ಮುರಿಯಲಿ. ಫ್ರೀಬಿಎಸ್‌ಡಿಯವರಿಗೆ ಹಳೆಯ ಫೈಲ್‌ಗಳು ನಡೆಯಬೇಕು, ಜೊತೆಗೆ ಪ್ರೊಸೆಸರ್‌ನ ಹಲವು ಕೋರ್‌ಗಳಲ್ಲಿ ಒಟ್ಟಿಗೇ ಪಿಎಫ್ ಓಡಬೇಕು, ಅದಕ್ಕಾಗಿ ಒಳಗಿನದನ್ನು ತಮಗೆ ಬೇಕಾದಂತೆ ತಿದ್ದಿಕೊಂಡರು. ಇಬ್ಬರದೂ ಸರಿ. ಒಂದು ಮಾಡಿದರೆ ಯಾರೋ ಒಬ್ಬರು ಸೋಲಬೇಕು. 2018ರಲ್ಲಿ ಓಪನ್‌ಬಿಎಸ್‌ಡಿ, ಒಂದು ಕೋರನ್ನು ಎರಡರಂತೆ ಓಡಿಸುವ ಇಂಟೆಲ್‌ನ ಹೈಪರ್‌ಥ್ರೆಡಿಂಗನ್ನೇ ಆಫ್ ಮಾಡಿತು, ವೇಗ ಹೋದರೂ ಸರಿ, ಭದ್ರತೆ ಮುಖ್ಯ ಅಂತ. ಇಂಥದ್ದಕ್ಕೆ ಮತ ಹಾಕಿಸ್ತೀರಾ?

ಥಿಯೋ ಡಿ ರಾಟ್ 1994ರ ಕೊನೆಗೆ ನೆಟ್‌ಬಿಎಸ್‌ಡಿಯಿಂದ ಹೊರಬಿದ್ದು, 1995ರಲ್ಲಿ ಓಪನ್‌ಬಿಎಸ್‌ಡಿ ಶುರು ಮಾಡಿದ್ದು ಜಗಳವಾಡಿಯೇ, ನಿಜ. ಆದರೆ ಶ್ರಮ ವ್ಯರ್ಥ ಅನ್ನುತ್ತೀರಲ್ಲ, ಅದನ್ನು ಒಪ್ಪಲ್ಲ. ಆ ಜಗಳದ ಮನೆಯಿಂದಲೇ, ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಓಪನ್‌ಎಸ್‌ಎಸ್‌ಎಚ್ ಬಂತು, ಈಗ ಲಿನಕ್ಸ್‌ನಲ್ಲೂ ಅದೇ. ಕೋಡ್ ಓಡಾಡುತ್ತಲೇ ಇದೆ.

ನಾನೀಗ ನೆಟ್‌ವರ್ಕ್‌ನ ಬಾಗಿಲಾದ ಗೇಟ್‌ವೇಗೆ ಓಪನ್‌ಬಿಎಸ್‌ಡಿ, ಜ಼ೆಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಬೇಕಾದ ಕಡೆ ಫ್ರೀಬಿಎಸ್‌ಡಿ ಇಟ್ಟಿದ್ದೇನೆ. ಎರಡರ ನಿಯಮಗಳೂ ಬೇರೆ ಬೇರೆ ಫೋಲ್ಡರ್‌ನಲ್ಲಿವೆ.