ವಿಜಯಪುರದಾಗ ಯೀಸ್ಟ್, ಬೂಚು, ಬ್ರಿಕ್ಸ್ ಮೀಟರ್ ಎಲ್ಲಾ ಒಂದೇ ಅಂಗಡ್ಯಾಗ ಸಿಗತಾವೇನ್ರಿ?

ಬೆಂಗಳೂರಿಂದ ಟ್ರಾನ್ಸ್‌ಫರ್ ಆಗಿ ಬಂದೀನಿ, ಮನ್ಯಾಗ ಶುಂಠಿ ಬಿಯರು, ಹಣ್ಣಿನ ವೈನು ಮಾಡೋ ಹವ್ಯಾಸ ಐತಿ, ಅದರ ಸಾಮಾನು ಸಿಗೋ ಒಳ್ಳೆ ಅಂಗಡಿ ವಿಜಯಪುರದಾಗ ಎಲ್ಲೈತಿ ಅಂತ ಕೇಳೀರಿ. ಆರು ವರ್ಷದ ಹಿಂದ ಪುಣೆ ಬಿಟ್ಟು ವಾಪಸ್ ಊರಿಗೆ ಬಂದಾಗ ನಾನೂ ಇದನ್ನ ಎರಡು ತಿಂಗಳು ಹುಡಕ್ಯಾಡೀನ್ರಿ. ಹಂಗಂತ ಬೋರ್ಡ್ ಹಾಕ್ಕೊಂಡ ಅಂಗಡಿ ನನಗ ಸಿಗಲಿಲ್ಲ. ಆದ್ರ ಸಾಮಾನು ಮಾತ್ರ ಹೆಚ್ಚಿನವು ಊರಾಗ ಅದಾವ, ಬ್ಯಾರೆ ಮಂದಿ ಸಲುವಾಗಿ ಬ್ಯಾರೆ ಹೆಸರಿನ್ಯಾಗ ಇಟ್ಟಿರತಾರ ಅಷ್ಟ. ದ್ರಾಕ್ಷಿ ಬೆಳಿಯೋರಿಗೆ ಬೇಕಾಗಿದ್ದು ಒಂದು ಕಡೆ, ಸಕ್ಕರಿ ಫ್ಯಾಕ್ಟರಿಗೆ, ಕಾಲೇಜ್ ಲ್ಯಾಬಿಗೆ ಬೇಕಾಗಿದ್ದು ಒಂದು ಕಡೆ, ಬೇಕರಿದು ಒಂದು ಕಡೆ. ನಮಗ ಬೇಕಾಗಿದ್ದು ಈ ಮೂರರಾಗ ಮುಕ್ಕಾಲು ಸಿಗತೈತಿ.

ಅದಕ್ಕಿಂತ ಮೊದಲ ಒಂದು ಮಾತು ಹೇಳೇ ಹೇಳಬೇಕು. ನಮ್ಮ ರಾಜ್ಯದಾಗ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದ ಮದ್ಯ ತಯಾರಿಸೂದು ಅಪರಾಧ, ಮನಿ ಮಟ್ಟಿಗೆ ಮಾಡೀನಿ ಅಂದ್ರ ನಡಿಯೂದಿಲ್ಲ. ಯೂಟ್ಯೂಬ್‌ನ್ಯಾಗ ನಾವು ನೋಡೋ ಅಮೆರಿಕಾದವರಿಗೆ 1978ರಾಗ ಮನಿ ಬಿಯರಿಗೆ ಕಾನೂನು ಮಾಡಿಕೊಟ್ಟಾರ, ನಮಗಲ್ಲ. ಇಲ್ಲಿ 2007ರಾಗ ಬಂದ ವೈನ್ ನೀತಿನೂ ಲೈಸೆನ್ಸ್ ತಗೊಂಡ ವೈನರಿಗಳ ಸಲುವಾಗಿ. ಸುತ್ತ ನೂರಾರು ಎಕರೆ ದ್ರಾಕ್ಷಿ ಇಟ್ಕೊಂಡು ಒಂದು ಬಾಟ್ಲಿ ಮಾಡಾಕ ಬರೂದಿಲ್ಲ ಅಂದ್ರ ನನಗೂ ಬ್ಯಾಸರಾಗತೈತಿ, ಆದ್ರ ಹೊಸ ಊರಾಗ ನೌಕರಿ ಮಾಡೋರು ನೀವು, ಅದರ ಗೊಡವಿ ಬ್ಯಾಡ್ರಿ. ನಾನು ಶುಂಠಿ ಸೋಡಾ, ಕೊಂಬುಚಾ (ಹುದುಗಿಸಿದ ಚಹಾ) ಅಷ್ಟಕ್ಕ ನಿಂತೀನಿ, ಸಾಮಾನು ಹೆಚ್ಚುಕಡಿಮಿ ಅವೇ ಬೇಕಾಗತಾವ.

ಸಕ್ಕರಿ ಅಳಿಯೋದರಿಂದ ಶುರು ಮಾಡೂಣು. ಹೈಡ್ರೋಮೀಟರ್ (ರಸದಾಗ ತೇಲಿ ಸಕ್ಕರಿ ಎಷ್ಟೈತಿ ತೋರಸೋ ಗಾಜಿನ ನಳಿಕಿ) ಕೊಡ್ರಿ ಅಂದ್ರ ಜನರಲ್ ಅಂಗಡ್ಯಾಗ ಲ್ಯಾಕ್ಟೋಮೀಟರ್ ಕೈಗೆ ಕೊಡತಾರ, ತಗೋಬ್ಯಾಡ್ರಿ, ಅದು ಹಾಲಿಂದು, ಅದರ ಗೆರಿ ನಮಗ ಉಪಯೋಗಿಲ್ಲ. ಸೈಂಟಿಫಿಕ್ ಸಾಮಾನಿನ ಅಂಗಡಿಗೆ ಹೋಗಿ ‘ಬ್ರಿಕ್ಸ್ ಹೈಡ್ರೋಮೀಟರ್, ಸಕ್ಕರಿ ಫ್ಯಾಕ್ಟರ್ಯಾಗ ಕಬ್ಬಿನ ಹಾಲಿಗೆ ಬಿಡತಾರಲ್ಲ, ಅದು’ ಅಂತ ಹೇಳ್ರಿ, ಕೂಡ್ಲೆ ಗೊತ್ತಾಗತೈತಿ, ಯಾಕಂದ್ರ ನಮ್ಮ ಜಿಲ್ಲಾ, ಬಾಗಲಕೋಟಿ, ಬೆಳಗಾವಿ ತುಂಬ ಫ್ಯಾಕ್ಟರಿ ಅದಾವ. ಬ್ರಿಕ್ಸ್ ಅಂದ್ರ ನೂರು ಗ್ರಾಂ ರಸದಾಗ ಎಷ್ಟು ಗ್ರಾಂ ಸಕ್ಕರಿ ಅನ್ನೋ ಲೆಕ್ಕ, 0ದಿಂದ 10, 10ರಿಂದ 20 ಹಿಂಗ ಬಿಡಿಬಿಡಿ ಬರತಾವ, ಸೋಡಾಕ್ಕ ಮೊದಲಿಂದ ಸಾಕು. ಮ್ಯಾಲೆ ಎಷ್ಟು ಡಿಗ್ರಿ ಉಷ್ಣಾಂಶಕ್ಕ ಕೂಡಿಸ್ಯಾರ ಅಂತ ಬರದಿರತೈತಿ, ಕೆಲವು 20, ಕೆಲವು 27.5, ಅದನ್ನ ನೋಡ್ಕೊಂಡು ಅಂಗಡ್ಯಾಗೇ ಒಂದು ಉದ್ದನ ಜಾರಿನ ನೀರಾಗ ಬಿಡ್ರಿ, ಸೊನ್ನಿ ಹತ್ರ ನಿಲ್ಲಬೇಕು. ಹಂಗ ಬಿಟ್ಟು ನೋಡಾಕ ಕೊಡದ ಅಂಗಡಿಗೆ ನಾನು ಎರಡನೇ ಸಲ ಹೋಗಿಲ್ಲ. ಮನಿಗೆ ತರೂತನ ಹಳೇ ಟವೆಲ್‌ನ್ಯಾಗ ಸುತ್ತಿ ತರ್ರಿ, ಬಾಳ ನಾಜೂಕು.

ಇನ್ನೊಂದು ರಿಫ್ರಾಕ್ಟೋಮೀಟರ್. ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ತೋಟದವರ ಕಿಸೆದಾಗ ಇರತೈತಿ ಇದು, ಅವರು ಬ್ರಿಕ್ಸ್ ಮೀಟರ್ ಅಂತಾರ. ಒಂದು ಹಣ್ಣು ಹಿಚಕಿ ಎರಡು ಹನಿ ಗಾಜಿನ ಮ್ಯಾಲೆ ಬಿಟ್ಟು ಬಿಸಲಿಗೆ ಹಿಡದು ಒಂದು ಕಣ್ಣಾಗ ನೋಡಿದ್ರ ಮ್ಯಾಲೆ ನೀಲಿ, ಕೆಳಗ ಬಿಳಿ, ನಡುವಿನ ಗೆರಿ ಎಲ್ಲಿ ಬಿತ್ತು ಅದ ಸಕ್ಕರಿ. ಮನೂಕಕ್ಕ (ಒಣದ್ರಾಕ್ಷಿಗೆ) ಬಿಡೋ ದ್ರಾಕ್ಷಿ 22 ಬ್ರಿಕ್ಸ್ ಆಸುಪಾಸು ಬರೂತನ ಕಾಯತಾರ. ದ್ರಾಕ್ಷಿ ಔಷಧ ಮಾರೋ ಅಂಗಡಿಯವರಿಗೆ ಹೇಳಿದ್ರ ತರಸಿ ಕೊಡತಾರ. ಆದ್ರ ಹುದುಗಿದ ಮ್ಯಾಲೆ ಇದನ್ನ ನಂಬಬ್ಯಾಡ್ರಿ, ಆಲ್ಕೋಹಾಲ್ ಸೇರಿದ್ರ ಲೆಕ್ಕ ತಪ್ಪತೈತಿ, ಆವಾಗ ತೇಲೋ ಹೈಡ್ರೋಮೀಟರೇ ಬೇಕು.

ಈಗ ಯೀಸ್ಟ್. ಒಳ್ಳೆ ಅಂಗಡಿ ಅಂದ್ರ ಯಾವುದು ಅಂತ ನಾನು ಕಲ್ತಿದ್ದು ಇದರಿಂದನ. ಬೇಕರಿ ಸಾಮಾನು ಮಾರೋ ಅಂಗಡಿ ನಾಕೈದು ತಿರಗೀನಿ. ಹೆಚ್ಚಿನ ಕಡೆ ಅರ್ಧ ಕಿಲೋ ಪಾಕೀಟ್ ಒಡದು ಪ್ಲಾಸ್ಟಿಕ್ ಚೀಲದಾಗ ಬಿಡಿ ಕಟ್ಟಿ ಶೆಲ್ಫ್ ಮ್ಯಾಲೆ ಇಟ್ಟಿರತಾರ, ಮೇ ತಿಂಗಳದಾಗ ನಮ್ಮಲ್ಲೆ 40 ದಾಟೋ ಬಿಸಲಾಗ ಅದರೊಳಗ ಜೀವ ಎಲ್ಲಿ ಉಳಿತೈತ್ರಿ? ಒಂದು ಅಂಗಡ್ಯಾಗ ವಯಸ್ಸಾದ ಕಾಕಾರೊಬ್ಬರು ಇದ್ರು, ಯೀಸ್ಟ್ ಅಂದ ಕೂಡ್ಲೆ ಎದ್ದು ಹೋಗಿ ಫ್ರಿಜ್ ತಗದು, ಪಾಕೀಟ್ ತಿರಗಿಸಿ, ಚಸ್ಮಾ ಮ್ಯಾಲೆ ಏರಿಸಿ ತಾರೀಕು ನೋಡಿ, ‘ತಮ್ಮಾ, ಇದು ಒಡದು ಹದಿನೈದು ದಿನ ಆಗೈತಿ, ತಾಳು’ ಅಂತ ಹೇಳಿ ಕಪ್ಪಿನ್ಯಾಗ ಉಗುರುಬೆಚ್ಚಗಿನ ನೀರು, ಚಿಟಿಕಿ ಸಕ್ಕರಿ, ಚಿಟಿಕಿ ಯೀಸ್ಟ್ ಹಾಕಿ ಕೌಂಟರ್ ಮ್ಯಾಲೆ ಇಟ್ಟು ಬ್ಯಾರೆ ಗಿರಾಕಿ ನೋಡಾಕ ಹತ್ತಿದ್ರು. ಹತ್ತು ನಿಮಿಷಕ್ಕ ಕಪ್ಪಿನ ಮ್ಯಾಲೆ ಬೂದಿಬಣ್ಣದ ನೊರಿ ದಪ್ಪಗ ಎದ್ದು ಬಂತು, ಬ್ರೆಡ್ ವಾಸನಿ. ‘ಹೂಂ, ಒಯ್ಯಿ’ ಅಂದ್ರು. ನಾನು ತಗೊಂಡಿದ್ದು ಐವತ್ತು ಗ್ರಾಂ. ಅವತ್ತಿಂದ ಇವತ್ತಿನತನ ಯೀಸ್ಟಿಗೆ ಬ್ಯಾರೆ ಅಂಗಡಿ ಮೆಟ್ಲು ಹತ್ತಿಲ್ಲ. ನೀವೂ ಎಲ್‌ಬಿಎಸ್ ಮಾರ್ಕೆಟ್, ಗಾಂಧಿ ಚೌಕದ ಸುತ್ತ ನಾಕು ಅಂಗಡಿ ಕೇಳ್ರಿ, ಫ್ರಿಜ್ ಕಡೆ ಕೈ ಹೋಗತೈತೋ ಶೆಲ್ಫ್ ಕಡೆ ಹೋಗತೈತೋ ಅದನ್ನಷ್ಟ ನೋಡ್ರಿ.

ಇಸಿ-1118 ಅಂಥಾ 5 ಗ್ರಾಂ ಪಾಕೀಟಿನ ವೈನ್ ಯೀಸ್ಟೇ ಬೇಕು ಅಂದ್ರ ಆನ್‌ಲೈನ್ ಒಂದೇ ದಾರಿ. ನವೆಂಬರಿಂದ ಫೆಬ್ರವರಿ ಒಳಗ ತರಿಸ್ಕೊಂಡು ಫ್ರಿಜ್‌ದಾಗ ಇಟ್ಕೋರಿ, ಬ್ಯಾಸಗ್ಯಾಗ ಕೊರಿಯರ್ ಗಾಡ್ಯಾಗ ಎರಡು ದಿನ ಕಾದು ಬಂದ ಯೀಸ್ಟಿಗೆ ಕೊಟ್ಟ ರೊಕ್ಕ ದಂಡ. ಸೋಡಾಕ್ಕಂತೂ ಬೇಕರಿ ಯೀಸ್ಟ್ ಸಾಕು, ಎರಡು ಲೀಟರಿಗೆ ಕಾಲು ಚಮಚೆ.

ಯೀಸ್ಟ್ ಬ್ಯಾಡ, ಮನೂಕದಿಂದನ ಸ್ಟಾರ್ಟರ್ (ಹುದುಗು ಹಿಡಸೋ ಹೆಪ್ಪು) ಎಬ್ಬಸೂಣು ಅಂತ ನಿಮಗ ಅನಿಸಬಹುದು, ಮನೂಕದ ಊರಿಗೆ ಬಂದೀವಲ್ಲ ಅಂತ ನನಗೂ ಅನಿಸಿತ್ತು. ಹೊಂಬಣ್ಣದ್ದು ಛಂದ ಕಾಣತಾವಂತ ಅದನ್ನ ಹಾಕಿದೆ, ಎಂಟು ದಿನ ಆದ್ರೂ ಒಂದು ಗುಳ್ಳಿ ಏಳಲಿಲ್ಲ, ಮೂರು ಸಲ ಚೆಲ್ಲೀನಿ. ಆಮ್ಯಾಲೆ ನಮ್ಮ ಮಾವಾರ ಶೆಡ್ಡಿಗೆ ಹೋಗಿ ನಿಂತು ನೋಡಿದಾಗ ತಿಳೀತು. ದ್ರಾಕ್ಷಿನ ಪೊಟ್ಯಾಶಿಯಂ ಕಾರ್ಬೋನೇಟ್, ಡಿಪ್ಪಿಂಗ್ ಆಯಿಲ್ ನೀರಾಗ ಅದ್ದಿ ಶೆಡ್ಡಿನ ಜಾಳಿಗಿ ಮ್ಯಾಲೆ ಹರವತಾರ, ಬಣ್ಣ ಉಳೀಲಿ ಅಂತ ಗಂಧಕದ ಹೊಗಿ ಕೊಡತಾರ. ಆ ಗಂಧಕ ಯೀಸ್ಟ್ ಏಳಾಕ ಬಿಡೂದಿಲ್ಲ. ಹೊಗಿ ಕಾಣದ ಕಂದು ಮನೂಕ ಕೇಳಿ ತಗೋರಿ, ಇಲ್ಲಾ ಸಿಪ್ಪಿ ಸಮೇತ ಹಸಿಶುಂಠಿ ತುರದು ಸಕ್ಕರಿ ಹಾಕಿ ಎಬ್ಬಸ್ರಿ, ಅದು ಇನ್ನೂ ಚಲೋ. ಬೆಲ್ಲಕ್ಕೂ ಇದ ಮಾತು, ಮಹಾಲಿಂಗಪುರದ ಬೆಲ್ಲ ಬೇಕಾದಷ್ಟು ಬರತೈತಿ, ಹಳದಿ ಹೊಳಿಯೋದು ಬ್ಯಾಡ, ಹೈಡ್ರಾಸ್ (ಬಣ್ಣ ತಿಳಿ ಮಾಡೋ ಗಂಧಕದ ಪುಡಿ) ಹಾಕದ ಕರಿ ಬೆಲ್ಲ ಕೇಳ್ರಿ.

ಏರ್‌ಲಾಕ್, ಅಂದ್ರ ಒಳಗಿನ ಗ್ಯಾಸ್ ಹೊರಗ ಬಿಟ್ಟು ಹೊರಗಿನ ಗಾಳಿ ಒಳಗ ಬಿಡದ ಮುಚ್ಚಳ, ಇಲ್ಲಿ ಯಾರಿಗೂ ಗೊತ್ತಿಲ್ಲ. ಸೈಂಟಿಫಿಕ್ ಅಂಗಡ್ಯಾಗ ಒಂದು ತೂತಿನ ರಬ್ಬರ್ ಬೂಚು ಸಿಗತೈತಿ, ನಿಮ್ಮ ಬಾಟ್ಲಿ ಒಯ್ದು ಬಾಯಿಗೆ ಹಚ್ಚಿ ನೋಡೇ ತಗೋರಿ, ಮೆಡಿಕಲ್ ಅಂಗಡಿಯ ಹೊಸ ಸಲೈನ್ ನಳಿಕಿ ಅದರಾಗ ತೂರಿಸಿ ಇನ್ನೊಂದು ತುದಿ ನೀರಿನ ಲೋಟದಾಗ ಬಿಟ್ರ ಮುಗೀತು. ಅದ ಅಂಗಡ್ಯಾಗ ಸಿಟ್ರಿಕ್ ಆ್ಯಸಿಡ್ ಮಾತ್ರ ತಗೋಬ್ಯಾಡ್ರಿ, ಲ್ಯಾಬಿನ ಮಾಲು ಹೊಟ್ಟಿಗೆ ಹೋಗೂವಂಥದಲ್ಲ. ಹುಳಿಗೆ ಇಂಡಿ ಲಿಂಬಿಕಾಯಿ ಇರೋ ಊರಾಗ ಪುಡಿ ಯಾಕ ಬೇಕು?

ನಳದ ನೀರು ಕ್ಲೋರಿನ್ ವಾಸನಿ ಬಂದ್ರ ಕೊಡದಾಗ ಒಂದು ರಾತ್ರಿ ಬಾಯಿ ತಗದು ಇಡ್ರಿ.

ಬಾಟ್ಲಿ ವಿಷಯದಾಗ ಹಟ ಹಿಡೀತೀನ್ರಿ, ಮೊದಲ ವರ್ಷ ಗಾಜಿನದು ಬ್ಯಾಡೇ ಬ್ಯಾಡ. ಏಪ್ರಿಲ್‌ದಾಗ ಒಂದು ರಾತ್ರಿ ಅಡಗಿ ಮನ್ಯಾಗ ನನ್ನದೊಂದು ಒಡೀತು, ಗಾಜಿನ ಚೂರು ರೊಟ್ಟಿ ಬುಟ್ಟಿತನ ಸಿಡದಿದ್ವು, ನಮ್ಮವ್ವ ಐದು ನಿಮಿಷದ ಹಿಂದ ಅಲ್ಲೇ ನಿಂತಿದ್ಲು. ಸೋಡಾದ ಖಾಲಿ ಪ್ಲಾಸ್ಟಿಕ್ ಬಾಟ್ಲ್ಯಾಗ ತುಂಬ್ರಿ, ಹೊತ್ತಿಗೊಮ್ಮೆ ಹಿಚಕಿ ನೋಡ್ರಿ, ಕಲ್ಲಾದ ಕೂಡ್ಲೆ ಫ್ರಿಜ್ಜಿಗೆ. ಚಳಿಗಾಲದಾಗ ಎರಡು ದಿನ ಹಿಡೀತೈತಿ, ಬ್ಯಾಸಗ್ಯಾಗ ಸಂಜಿಗೆ ತುಂಬಿದ್ದು ಮುಂಜಾನೆಗೆ ಆಗಿಬಿಡತೈತಿ. ಎಳ್ಳಷ್ಟು ಆಲ್ಕೋಹಾಲ್ ಹುಟ್ಟೇ ಹುಟ್ಟತೈತಿ, ಅದಕ್ಕ ನಾನು ಸಣ್ಣ ಹುಡುಗರಿಗೆ ಕೊಡೂದಿಲ್ಲ.

ಕೊಂಬುಚಾ ಹುದುಗಸಾಕ ಬೇಕಾಗೋ ಪದರಾ ಯಾವ ಅಂಗಡ್ಯಾಗೂ ಹುಡಕಬ್ಯಾಡ್ರಿ. ನನ್ನ ಬರಣ್ಯಾಗ ತಿಂಗಳಿಗೊಂದು ಹೊಸಾದು ಕಟ್ಟತೈತಿ, ನೀವು ಗೋಳಗುಮ್ಮಟದ ಕಡೆನ ಮನಿ ಮಾಡಿದ್ರ ಬಾಟ್ಲಿ ತಗೊಂಡು ಬರ್ರಿ, ಹುಳಿ ನೀರಿನ ಸಮೇತ ಹಾಕಿ ಕೊಡತೀನಿ.